ಆಟಿಸಂ ಇರುವ ಮಗುವಿನೊಡನೆ ಕಡಲಯಾನ: ಮುನ್ಸಿದ್ಧತೆಯೇ ಮೊದಲ ಟಿಕೆಟ್

ಆಟಿಸಂ ಇರುವ ಮಗುವಿನೊಡನೆ ಪ್ರವಾಸ ಹೊರಡಲು ಅನೇಕ ತಂದೆ-ತಾಯಿಯರು ಅಂಜುತ್ತಾರೆ. ದಿನಚರಿ ತಪ್ಪಿದರೆ, ಮಲಗುವ ಜಾಗ ಬದಲಾದರೆ ಮಗು ಕಂಗೆಡುವುದುಂಟು. ಈ ದೃಷ್ಟಿಯಿಂದ ವಿಹಾರ ನೌಕೆಗೊಂದು ಅನುಕೂಲವಿದೆ. ದಿನಕ್ಕೊಂದು ಊರು ಬಂದರೂ ಕೋಣೆ ಬದಲಾಗುವುದಿಲ್ಲ.

ಅಮೆರಿಕದ ಹಡಗು ಕಂಪನಿಗಳು ಇಂಥ ಕುಟುಂಬಗಳ ಅಗತ್ಯವನ್ನು ಗುರುತಿಸಿವೆ. 'ಆಟಿಸಂ ಆನ್ ದಿ ಸೀಸ್' ಸಂಸ್ಥೆಯು ತರಬೇತಿ ಪಡೆದ ಸಹಾಯಕರೊಡನೆ ಗುಂಪುಯಾನಗಳನ್ನು ಏರ್ಪಡಿಸುತ್ತದೆ. ಅದರ ಮಾನ್ಯತೆಯೊಂದಿಗೆ ರಾಯಲ್ ಕೆರಿಬಿಯನ್ ಕಂಪನಿ 2014ರಲ್ಲಿ ಆಟಿಸಂಸ್ನೇಹಿ ಸೌಲಭ್ಯಗಳನ್ನು ಪ್ರಕಟಿಸಿತು. ಸರದಿಯಲ್ಲಿ ಕಾಯದೆ ಹಡಗೇರುವ ಅವಕಾಶ, 3ರಿಂದ 11 ವರ್ಷದ ಮಕ್ಕಳನ್ನು ವಯಸ್ಸಿನ ಬದಲು ಸಾಮರ್ಥ್ಯಕ್ಕೆ ತಕ್ಕ ಗುಂಪಿಗೆ ಸೇರಿಸುವ ವ್ಯವಸ್ಥೆ ಅವುಗಳಲ್ಲಿ ಮುಖ್ಯವಾದವು. 2018ರಲ್ಲಿ ಕಾರ್ನಿವಲ್ ಕಂಪನಿ, ಸದ್ದು ತಗ್ಗಿಸುವ ಹೆಡ್‌ಫೋನ್ ಮುಂತಾದ ಸಾಧನಗಳ ಚೀಲವನ್ನು ಎರವಲು ನೀಡತೊಡಗಿತು.

ಆದರೆ ಮೊದಲ ದಿನವೇ ಒಂದು ಪರೀಕ್ಷೆ ಕಾದಿರುತ್ತದೆ. ಅದುವೇ ಸುರಕ್ಷತಾ ಕವಾಯತು. 2012ರಲ್ಲಿ ಇಟಲಿಯ ಕರಾವಳಿಯಲ್ಲಿ 'ಕೋಸ್ಟಾ ಕಾಂಕಾರ್ಡಿಯಾ' ದುರಂತಕ್ಕೀಡಾಗಿ 32 ಮಂದಿ ಸತ್ತ ತರುವಾಯ ಅಂತಾರಾಷ್ಟ್ರೀಯ ನಿಯಮ ಬಿಗಿಯಾಯಿತು. ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಕವಾಯತು ನಡೆಯಬೇಕು. ತುರ್ತು ಸಂಕೇತವೆಂದರೆ ಏಳು ಕಿರು ಸದ್ದು, ಬಳಿಕ ಒಂದು ದೀರ್ಘ ಸದ್ದು. ಶಬ್ದ ಸಹಿಸದ ಮಗುವಿಗೆ ಇದು ಯಾತನೆಯೇ ಸರಿ. 2020ರ ನಂತರ ಹಲವು ಹಡಗುಗಳಲ್ಲಿ ಮೊಬೈಲ್ ಅಥವಾ ಕೋಣೆಯ ಟಿ.ವಿ.ಯಲ್ಲಿ ಸೂಚನೆ ನೋಡಿ, ತಮಗೆ ನಿಗದಿಯಾದ ಸ್ಥಳಕ್ಕೆ ಹೋಗಿ ಬರುವ ಕ್ರಮ ಬಂದಿದೆ. ಜನಜಂಗುಳಿ ತಪ್ಪಿದರೂ ಸಂಕೇತದ ಸದ್ದು ಕೇಳಿಬರಬಹುದು. ಆದ್ದರಿಂದ ಆ ಸದ್ದನ್ನು ಮನೆಯಲ್ಲೇ ಮೆಲ್ಲಗೆ ಕೇಳಿಸಿ ರೂಢಿ ಮಾಡಿಸುವುದು ಲೇಸು. ಹಡಗಿನ ಚಿತ್ರಗಳನ್ನು ದಿನದ ಕ್ರಮದಲ್ಲಿ ಜೋಡಿಸಿ, ಮುಂದೇನು ನಡೆಯುತ್ತದೆಂದು ತೋರಿಸಿದರೆ ಗಾಬರಿ ಇನ್ನಷ್ಟು ತಗ್ಗುತ್ತದೆ.

ಇನ್ನೊಂದು ಅಪಾಯ ಕಡೆಗಣಿಸತಕ್ಕದ್ದಲ್ಲ. ಆಟಿಸಂ ಇರುವ ಕೆಲವು ಮಕ್ಕಳು ಹೇಳದೆ ಕೇಳದೆ ಹೊರನಡೆಯುತ್ತಾರೆ. ನೀರಿನ ಸೆಳೆತವೂ ಅವರಲ್ಲಿ ಹೆಚ್ಚು. ಅಂಥವರಿಗೆ ಬಾಲ್ಕನಿಯಿಲ್ಲದ ಒಳಕೋಣೆಯೇ ಕ್ಷೇಮ. ಬಾಗಿಲು ತೆರೆದೊಡನೆ ಸದ್ದು ಮಾಡುವ ಪುಟ್ಟ ಅಲಾರಂ, ಪಾಲಕರ ಹೆಸರು ಮತ್ತು ಕೋಣೆಯ ಸಂಖ್ಯೆಯಿರುವ ಕೈಪಟ್ಟಿ ಜೊತೆಗಿರಲಿ.

ಕರ್ನಾಟಕದ ಕುಟುಂಬಗಳು ಇದಕ್ಕಾಗಿ ಅಮೆರಿಕಕ್ಕೇ ಹೋಗಬೇಕೆಂದಿಲ್ಲ. 2021ರಲ್ಲಿ ಕಾರ್ಡೇಲಿಯಾ ಕಂಪನಿಯು ಮುಂಬೈಯಿಂದ ಕಡಲಯಾನ ಆರಂಭಿಸಿತು. ಮೊದಲ ಬಾರಿಗೆ ಎರಡು-ಮೂರು ರಾತ್ರಿಗಳ ಕಿರುಯಾನವೇ ಸಾಕು. ಆದರೆ ಅಮೆರಿಕದ ಹಡಗುಗಳ ಸೌಲಭ್ಯ ಎಲ್ಲೆಡೆ ಇರುತ್ತದೆಂದು ಭಾವಿಸುವಂತಿಲ್ಲ. ಹಣ ಕಟ್ಟುವ ಮುನ್ನವೇ ಮಗುವಿನ ಆಹಾರ, ಸರದಿ, ಕವಾಯತಿನ ಬಗ್ಗೆ ಕಂಪನಿಗೆ ಬರೆದು ಕೇಳಿ, ಉತ್ತರವನ್ನೂ ಲಿಖಿತವಾಗಿಯೇ ಪಡೆಯುವುದು ಜಾಣತನ.