ಉಕ್ಕು ಕರಗದಿದ್ದರೆ ಶೆಡ್ ಬೀಳುವುದಿಲ್ಲವೇ?

“ಉಕ್ಕು ಕರಗಲು 1500 ಡಿಗ್ರಿ ಬೇಕು, ಬೆಂಕಿ ಅಷ್ಟು ಬಿಸಿ ಇರಲಿಲ್ಲ. ಹಾಗಿದ್ದರೆ ಕಟ್ಟಡ ಬಿದ್ದದ್ದು ಹೇಗೆ?” ಅಮೆರಿಕದ ಅವಳಿ ಗೋಪುರಗಳ ಬಗ್ಗೆ ಹರಿದಾಡಿದ ಈ ಪ್ರಶ್ನೆ ಇಂದಿಗೂ ಫಾರ್ವರ್ಡ್ ಆಗುತ್ತಿದೆ. ಚಾಮರಾಜನಗರದ ಬಳಿಯ ಬದನಗುಪ್ಪೆ ಕೈಗಾರಿಕಾ ಪ್ರದೇಶದಂಥ ಕಡೆ ಉಕ್ಕಿನ ತೊಲೆಗಳ ಕೆಳಗೆ ದುಡಿಯುವವರು ಇದನ್ನು ನಂಬಿದರೆ ಜೀವಕ್ಕೇ ಅಪಾಯ.

ಕರಗುವ ತಾಪದ ಲೆಕ್ಕ ಸರಿ, ತೀರ್ಮಾನ ತಪ್ಪು. ಕುಲುಮೆಯಲ್ಲಿ ಕುಡುಗೋಲು ಮಾಡುವವರು ಕಬ್ಬಿಣವನ್ನು ಕರಗಿಸುವುದಿಲ್ಲ. ಕೆಂಪಗೆ ಕಾಯಿಸುತ್ತಾರೆ, ಅಷ್ಟಕ್ಕೇ ಅದು ಸುತ್ತಿಗೆಯ ಮಾತು ಕೇಳುತ್ತದೆ. ಸುಮಾರು 600 ಡಿಗ್ರಿಗೆ ಕಟ್ಟಡದ ಉಕ್ಕು ಅರ್ಧದಷ್ಟು ಬಲ ಕಳೆದುಕೊಂಡಿರುತ್ತದೆ.

3422 ಡಿಗ್ರಿವರೆಗೂ ಕರಗದ ಟಂಗ್‌ಸ್ಟನ್ ಕಥೆಯೂ ಇದೇ. ಮಲ್ಲೇಶ್ವರದ ಮೈಸೂರು ಲ್ಯಾಂಪ್ಸ್ ಕಾಲದ ಹಳದಿ ಬಲ್ಬು ನೆನಪಿದೆಯೇ? ಅಂಥ ಬಲ್ಬಿನ ತಂತಿ ಸುಮಾರು 2500 ಡಿಗ್ರಿಯಲ್ಲಿ ಉರಿಯುತ್ತದೆ. ಶುದ್ಧ ಟಂಗ್‌ಸ್ಟನ್ ಆಗಿದ್ದರೆ ಆ ಬಿಸಿಗೆ ಒಳಗಿನ ಹರಳುಗಳು ಬೆಳೆದು, ಒಂದರ ಪಕ್ಕ ಒಂದು ಜಾರಿ, ತಂತಿ ಜೋತುಬೀಳುತ್ತದೆ. ಅದನ್ನು ತಡೆಯುವುದು ಪೊಟ್ಯಾಸಿಯಂ, ಅದೂ ಹತ್ತು ಲಕ್ಷದಲ್ಲಿ ಕೆಲವು ಹತ್ತು ಭಾಗ ಮಾತ್ರ. ಅದು ಟಂಗ್‌ಸ್ಟನ್ನಿನಲ್ಲಿ ಬೆರೆಯುವುದಿಲ್ಲ. ಕಣ್ಣಿಗೆ ಕಾಣದ ಗುಳ್ಳೆಗಳಾಗಿ ಸಾಲುಗಟ್ಟಿ ಹರಳುಗಳ ಅಂಚನ್ನು ಹಿಡಿದು ನಿಲ್ಲಿಸುತ್ತದೆ. ಗುಳ್ಳೆ ಬಂದರೆ ಲೋಹ ಹಾಳಾಯಿತು ಎಂದುಕೊಳ್ಳುತ್ತೇವೆ, ಇಲ್ಲಿ ಗುಳ್ಳೆಯೇ ಕಾವಲು.

ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೇ ಹಂತದ ನಾಜಲ್‌ಗೆ ಬಳಸಿದ್ದು ನಯೋಬಿಯಂ ಮಿಶ್ರಲೋಹ. ಇದರಲ್ಲಿ ಸುಮಾರು ಶೇ. 10 ಹಾಫ್ನಿಯಂ, ಶೇ. 1 ಟೈಟಾನಿಯಂ ಇರುತ್ತದೆ. ಹಾಫ್ನಿಯಂ ಪರಮಾಣು ಗಾತ್ರದಲ್ಲಿ ದೊಡ್ಡದು. ನಿಂಬೆಹಣ್ಣಿನ ಸಾಲುಗಳ ನಡುವೆ ಅಲ್ಲಲ್ಲಿ ಮೂಸಂಬಿ ತುರುಕಿದ ಹಾಗೆ, ಪದರಗಳು ಸಲೀಸಾಗಿ ಜಾರುವುದಿಲ್ಲ. ಆದರೆ ಬಿಸಿ ನಯೋಬಿಯಂಗೆ ಆಮ್ಲಜನಕ ಸೋಕಿದರೆ ಅದು ಬೇಗ ಸವೆಯುತ್ತದೆ, ಹಾಗಾಗಿ ಮೇಲೆ ಸಿಲಿಸೈಡ್ ಲೇಪನ ಬೇಕು.

ಇನ್ನೊಂದು ವಿಷಯ. 2025ರಲ್ಲಿ ಇಸ್ರೋ ಇದೇ ನಾಜಲ್ ಅನ್ನು ಕೋಬಾಲ್ಟ್ ಆಧಾರಿತ ಸ್ಟೆಲ್ಲೈಟ್‌ನಿಂದ ಮಾಡಿ ಪರೀಕ್ಷಿಸಿತು. ನಯೋಬಿಯಂ ಕರಗುವುದು 2477 ಡಿಗ್ರಿಗೆ, ಕೋಬಾಲ್ಟ್ 1495ಕ್ಕೇ. ಆದರೂ ಸ್ಟೆಲ್ಲೈಟ್ 1150 ಡಿಗ್ರಿವರೆಗೆ ಬಲ ಉಳಿಸಿಕೊಳ್ಳುತ್ತದೆ, ವೆಚ್ಚವೂ ಸುಮಾರು ಶೇ. 90 ಇಳಿಯುತ್ತದೆ ಎಂದು ಇಸ್ರೋ ಹೇಳಿದೆ. ಕರಗುವ ತಾಪವೊಂದನ್ನೇ ನೋಡಿದ್ದರೆ ಈ ಪ್ರಯತ್ನವೇ ನಡೆಯುತ್ತಿರಲಿಲ್ಲ.

ಶೆಡ್ಡಿನ ತೊಲೆಗೆ ಇಂಥ ಆರೈಕೆ ಯಾವುದೂ ಇರುವುದಿಲ್ಲ. ಬೆಂಕಿ ಬಿದ್ದಾಗ ಚಾವಣಿ ನಿಂತೇ ಇದೆಯಲ್ಲ ಎಂದು ಸರಕು ತರಲು ಒಳಗೆ ಓಡಬೇಡಿ. ಹೊರಗೆ ಬಂದು 112ಕ್ಕೆ ಕರೆ ಮಾಡಿ.