ದುಃಖಿತರಿಗೆ ಆಸರೆ

ಸಂಪಗಾಂವ ಸೀಮೆಯ ಹಳ್ಳಿಗಳಲ್ಲಿ ಸಾವು ಸಂಭವಿಸಿದ ಮನೆಗೆ ನೆರೆಹೊರೆಯವರು ರೊಟ್ಟಿ-ಪಲ್ಯಗಳ ಬುತ್ತಿಯನ್ನು ಒಯ್ಯುವರು. ಈ ರೂಢಿಯು ಉತ್ತಮವಾದುದೇ ಸರಿ. ಆದರೆ ಹಸಿವು ಹಿಂಗಿದ ಮಾತ್ರಕ್ಕೆ ಮನದ ಭಾರವು ಇಳಿಯದು; ಮರಣಶಯ್ಯೆಯಲ್ಲಿರುವವರಿಗಂತೂ ಆಸರೆಯು ಅದಕ್ಕೂ ಮೊದಲೇ ಬೇಕು.

ದಾದಿಯಾಗಿದ್ದು ಮುಂದೆ ವೈದ್ಯೆಯಾದ ಸಿಸಿಲಿ ಸಾಂಡರ್ಸ್ ಎಂಬ ಆಂಗ್ಲ ಮಹಿಳೆಯು 1967ರಲ್ಲಿ ಲಂಡನ್ನಿನಲ್ಲಿ ಅಂತ್ಯಕಾಲದ ರೋಗಿಗಳಿಗಾಗಿ ಆಶ್ರಯಧಾಮವೊಂದನ್ನು ತೆರೆದಳು. ಸಾಯುವವರ ನೋವು ಶರೀರದ್ದಷ್ಟೇ ಅಲ್ಲ, ಮನಸ್ಸು, ಕುಟುಂಬ, ಆತ್ಮಗಳ ನೋವೂ ಅದರಲ್ಲಿ ಕೂಡಿರುವುದೆಂದು ಆಕೆಯು ತೋರಿಸಿದಳು. ಬೆಂಗಳೂರಿನಲ್ಲಿ 1999ರಲ್ಲಿ ಬಾಗಿಲು ತೆರೆದ ಕರುಣಾಶ್ರಯವು ವಾಸಿಯಾಗದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ಉಪಚರಿಸುತ್ತಲಿದೆ.

ಇಂಥ ಸೇವೆಯಲ್ಲಿ ಪಳಗಿದ ಮನೋಚಿಕಿತ್ಸಕರು ಮೊದಲು ಆಲಿಸುವರು, ಬಳಿಕ ನುಡಿಯುವರು. "ನಾನು ಉಳಿಯುವೆನೆ?" ಎಂದು ರೋಗಿಯು ಕೇಳಿದರೆ, ಸುಳ್ಳು ಭರವಸೆ ಕೊಡದೆ, "ನಿಮಗೆ ಯಾವುದರ ಅಂಜಿಕೆ?" ಎಂದು ಮೆಲ್ಲಗೆ ವಿಚಾರಿಸುವರು. ಅಳುವವರನ್ನು ತಡೆಯರು, ಅಗಲಿದವರ ಹೆಸರೆತ್ತಲು ಹಿಂಜರಿಯರು, ಶೋಕಕ್ಕೆ ಗಡುವು ವಿಧಿಸರು. ಮನೆಯವರಾದ ನಾವೂ ಇದನ್ನು ಕಲಿಯಬಹುದಲ್ಲವೆ?

ದುಃಖಿತರು ಬಹುಕಾಲ ಅನ್ನ-ನಿದ್ರೆಗಳನ್ನು ತೊರೆದರೆ ಬಲ್ಲವರ ನೆರವು ಅವಶ್ಯ. "ಬದುಕೇ ಬೇಡ" ಎಂದರಂತೂ ಒಂದು ದಿನವೂ ತಡೆಯಬಾರದು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯು 14416ಕ್ಕೆ ಕರೆಮಾಡಿದವರಿಗೆ ಹಗಲಿರುಳೂ, ಕನ್ನಡದಲ್ಲಿಯೇ, ಉಚಿತವಾಗಿ ದೊರೆಯುವುದು.

ಆದಕಾರಣ ಪ್ರಿಯ ಭಗಿನಿಯರೇ, ಪಾಲಕರೇ, ಬುತ್ತಿಯನ್ನಿಟ್ಟೊಡನೆ ಮರಳದಿರೋಣ. ಬಳಿಯಲ್ಲಿ ಕುಳಿತು, ಅವರ ಮಾತು ಮುಗಿಯುವವರೆಗೂ ಕೇಳೋಣ.