ಕೈಗೆ ಕೆಲಸ ಮರಳಿಸುವ ವಿದ್ಯೆ

ಕುಷ್ಠರೋಗದಿಂದ ನರ ಸತ್ತು ಒಳಕ್ಕೆ ಮಡಚಿಕೊಂಡ ಬೆರಳುಗಳನ್ನು ಮತ್ತೆ ಬಿಡಿಸಬಹುದೆಂದು 1940ರ ದಶಕದ ಕೊನೆಯಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ತೋರಿಸಿಕೊಟ್ಟರು. ಗಟ್ಟಿಯಾಗಿ ಉಳಿದ ಸ್ನಾಯುವೊಂದರ ರಜ್ಜುವನ್ನು ಬಿಡಿಸಿ, ಸೋತ ಸ್ನಾಯುವಿನ ಜಾಗಕ್ಕೆ ಹೊಲಿಯುವ ಶಸ್ತ್ರಚಿಕಿತ್ಸೆ ಅದು. ಆದರೆ ಹೊಲಿಗೆ ಬಿಚ್ಚಿದೊಡನೆ ಕೈ ದುಡಿಯಲು ತೊಡಗುವುದಿಲ್ಲ. ಸ್ನಾಯುವಿಗೆ ಹೊಸ ಕೆಲಸ ಕಲಿಸಬೇಕು. ಸ್ಪರ್ಶವಿಲ್ಲದ ಕೈಯಲ್ಲಿ ಬಿಸಿ ಲೋಟ ಹಿಡಿಯದಂತೆ ಕಣ್ಣಿಗೆ ಕಾವಲು ಕಲಿಸಬೇಕು. ಇನ್ನೊಂದು ಸಂಕಟವೂ ಇತ್ತು: ಕೈ ಸರಿಯಾದವರಿಗೆ ಭಿಕ್ಷೆ ಹುಟ್ಟಲಿಲ್ಲ, ರೋಗದ ಹೆಸರು ಅಂಟಿದ್ದರಿಂದ ಯಾರೂ ಕೂಲಿಗೂ ಕರೆಯಲಿಲ್ಲ. ವೈದ್ಯರಾಗುವ ಮೊದಲು ಕಟ್ಟಡ ಕೆಲಸ, ಮರಗೆಲಸ ಕಲಿತಿದ್ದ ಬ್ರ್ಯಾಂಡ್ ಅಂಥವರಿಗಾಗಿ ಒಂದು ಕೇಂದ್ರ ತೆರೆದು ಅಲ್ಲಿ ಮರಗೆಲಸ ಹೇಳಿಕೊಟ್ಟರು.

ಆಕ್ಯುಪೇಷನಲ್ ಥೆರಪಿ ಎಂಬ ವಿದ್ಯೆ ನಿಂತಿರುವುದು ಹೀಗೆ ಕೆಲಸ ಮರಳಿಸುವ ಆಶಯದ ಮೇಲೆಯೇ. ಉಣ್ಣುವುದು, ಉಡುವುದು, ಮೀಯುವುದು, ದುಡಿಯುವುದು, ಆಡುವುದು, ಇವೆಲ್ಲವನ್ನೂ ರೋಗಿ ಮತ್ತೆ ತಾನೇ ಮಾಡುವಂತಾಗಬೇಕು. ಭಾರತದಲ್ಲಿ ಇದರ ಮೊದಲ ಶಾಲೆಯನ್ನು 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಆರಂಭಿಸಿದವರು ಕಮಲಾ ನಿಂಬಕರ್. ಅಮೆರಿಕದಲ್ಲಿ ಹುಟ್ಟಿ ಇಲ್ಲಿಯ ಸೊಸೆಯಾದವರು. ಈ ವಿದ್ಯೆಯ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಇಂಗ್ಲೆಂಡಿನ ಯಾರ್ಕ್‌ನಲ್ಲಿ ಕ್ವೇಕರ್ ಪಂಥದ ಕ್ರೈಸ್ತರು 1796ರಲ್ಲಿ ತೆರೆದ ಆಶ್ರಯಧಾಮದಲ್ಲಿ ಮಾನಸಿಕ ರೋಗಿಗಳನ್ನು ಸರಪಳಿಯಿಂದ ಬಿಗಿಯದೆ, ಅವರಿಗೆ ತೋಟದ ಕೆಲಸ, ಹೊಲಿಗೆ ಕೊಟ್ಟಿದ್ದರು.

ಮತ್ತೆ ವೆಲ್ಲೂರಿಗೆ ಬಂದರೆ, ಅಲ್ಲಿಯ ಕಾಲೇಜಿನ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವವರು ಡಾ. ಮೇರಿ ವರ್ಗೀಸ್. 1954ರ ರಸ್ತೆ ಅಪಘಾತದಲ್ಲಿ ಬೆನ್ನುಹುರಿ ಮುರಿದು ಅವರ ಕಾಲುಗಳು ಸ್ವಾಧೀನ ತಪ್ಪಿದವು. ಗಾಲಿಕುರ್ಚಿಯಲ್ಲೇ ಕುಳಿತು ಕುಷ್ಠರೋಗಿಗಳ ಕೈಗೆ ಶಸ್ತ್ರಚಿಕಿತ್ಸೆ ಮಾಡಿದರು. ನ್ಯೂಯಾರ್ಕಿನಲ್ಲಿ ಪುನರ್ವಸತಿ ವೈದ್ಯಶಾಸ್ತ್ರ ಕಲಿತು ಬಂದು ವೆಲ್ಲೂರಿನಲ್ಲಿ ಆ ವಿಭಾಗ ಕಟ್ಟಿದರು. 1966ರಲ್ಲಿ ವೆಲ್ಲೂರಿನ ಬಾಗಾಯಂನಲ್ಲಿ ಪುನರ್ವಸತಿ ಕೇಂದ್ರ ತೆರೆಯಿತು. 1972ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ಕಾಲೇಜಿನಲ್ಲಿ ಇಂದು ಆಕ್ಯುಪೇಷನಲ್ ಥೆರಪಿಯ ಪದವಿ ಶಿಕ್ಷಣವಿದೆ.

ತರಗತಿಯ ಪಾಠ ಮುಗಿಸಿ ವಾರ್ಡಿಗಿಳಿದ ವಿದ್ಯಾರ್ಥಿ ಕಲಿಯುವುದು ಬಹಳ ಸೂಕ್ಷ್ಮವಾದದ್ದು. ಕುತ್ತಿಗೆಯ ಕೆಳಭಾಗದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಬೆರಳು ಆಡದವನಿಗೂ ಎಷ್ಟೋ ಸಲ ಮಣಿಕಟ್ಟು ಮೇಲೆತ್ತುವ ಶಕ್ತಿ ಉಳಿದಿರುತ್ತದೆ. ಮಣಿಕಟ್ಟು ಎತ್ತಿದಾಗ ಬೆರಳುಗಳು ತಾವಾಗಿ ಮಡಚಿಕೊಳ್ಳುತ್ತವೆ. ಆ ಸಣ್ಣ ಹಿಡಿತವನ್ನೇ ಬೆಳೆಸಿ ಅವನು ತಟ್ಟೆಯಿಂದ ತುತ್ತೆತ್ತುವಂತೆ ಮಾಡಬಹುದು. ಅಂಗೈಗೆ ಪಟ್ಟಿ ಕಟ್ಟಿ ಚಮಚ ಸಿಕ್ಕಿಸಬಹುದು. ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಹಾಳೆಯನ್ನು ಕೈಯ ಆಕಾರಕ್ಕೆ ಒತ್ತಿ ಸ್ಪ್ಲಿಂಟ್ ಎಂಬ ಆಸರೆ ಮಾಡಬೇಕು. ಒಂದು ಅಂಚು ಚುಚ್ಚಿದರೂ ಸ್ಪರ್ಶವಿಲ್ಲದ ಚರ್ಮದಲ್ಲಿ ಹುಣ್ಣು. ಪದವಿಗೆ ಕನಿಷ್ಠ 1000 ಗಂಟೆಗಳ ಇಂಥ ಪ್ರಾಯೋಗಿಕ ಕಲಿಕೆ ಇರಲೇಬೇಕೆಂದು ಆಕ್ಯುಪೇಷನಲ್ ಥೆರಪಿಸ್ಟರ ವಿಶ್ವ ಒಕ್ಕೂಟ ನಿಯಮ ಮಾಡಿದೆ.

ಇದರಲ್ಲಿ ಕ್ರೈಸ್ತ ದೃಷ್ಟಿ ಎಲ್ಲಿದೆ? ಸೇವೆ ಮಾಡಿಸಿಕೊಳ್ಳಲು ಅಲ್ಲ, ಮಾಡಲು ಎಂಬುದು ವೆಲ್ಲೂರಿನ ಆ ಕ್ರಿಶ್ಚಿಯನ್ ಕಾಲೇಜಿನ ಧ್ಯೇಯ. ಪ್ರತಿ ಮನುಷ್ಯನೂ ದೇವರ ಪ್ರತಿರೂಪ ಎಂಬ ನಂಬಿಕೆ ರೋಗಿಯ ಹಾಸಿಗೆಯ ಬಳಿ ಪರೀಕ್ಷೆಗೆ ಬರುವುದು ತಾಳ್ಮೆಯಲ್ಲಿ. ಪಾರ್ಶ್ವವಾಯು ಬಡಿದ ಅಜ್ಜ ಒಂದು ಗುಂಡಿ ಹಾಕಲು ಹದಿನೈದು ನಿಮಿಷ ತೆಗೆದುಕೊಂಡರೆ, ಚಿಕಿತ್ಸಕಿ ಕೈ ಹಾಕದೆ ಕಾಯಬೇಕು. ಮಾಡಿಕೊಡುವುದು ಸುಲಭ, ಆದರೆ ಅದರಿಂದ ಅಜ್ಜನ ಸ್ವಾತಂತ್ರ್ಯ ಹೋಗುತ್ತದೆ. ಮಲಗಿರುವ ರೋಗಿಯ ಮುಂದೆ ಧರ್ಮಬೋಧೆ ಮಾಡುವುದು ಈ ದೃಷ್ಟಿಯ ಸಾರವಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ. ಎದ್ದು ಹೋಗಲಾಗದವನ ಎದುರು ನಿಂತವರಿಗೆ ಅಧಿಕಾರ ಹೆಚ್ಚು. ಅದನ್ನು ಬಳಸದಿರುವುದೂ ತರಬೇತಿಯ ಭಾಗ. ಕೆನಡಾದ ಚಿಕಿತ್ಸಕರು 1997ರಲ್ಲಿ ಪ್ರಕಟಿಸಿದ ಮಾದರಿಯಲ್ಲಿ ವ್ಯಕ್ತಿಯ ನಡುವೆಯೇ ಅಧ್ಯಾತ್ಮವನ್ನು ಇಟ್ಟಿದ್ದಾರೆ. ಅದನ್ನು ನಿಜವಾಗಿ ಓದಿಕೊಂಡವರು ನಮಾಜಿಗೆ ಕೂರುವ ಭಂಗಿಯನ್ನೂ, ದೇವರ ಮುಂದೆ ಬತ್ತಿ ಹೊಸೆಯುವ ಬೆರಳನ್ನೂ ಚಿಕಿತ್ಸೆಯ ಗುರಿಯಾಗಿ ಬರೆದುಕೊಳ್ಳುತ್ತಾರೆ.

ಕರ್ನಾಟಕದಿಂದಲೂ ರೈಲು ಹಿಡಿದು ಕಾಟ್ಪಾಡಿಯಲ್ಲಿ ಇಳಿದು ವೆಲ್ಲೂರಿಗೆ ಹೋಗುವ ಕುಟುಂಬಗಳಿವೆ. ನಮ್ಮಲ್ಲಿ ಮಣಿಪಾಲದಲ್ಲೂ ಈ ವಿದ್ಯೆ ಕಲಿಸುತ್ತಾರೆ. ಎಲ್ಲಿ ಕಲಿತರೂ ರೋಗಿಯನ್ನು ಊರಿಗೆ ಕಳಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳಿವೆ: ಹೊಸ್ತಿಲು ಎಷ್ಟೆತ್ತರ, ಬಚ್ಚಲಿಗೆ ಗಾಲಿಕುರ್ಚಿ ನುಗ್ಗುತ್ತದೆಯೇ, ಒಲೆ ನೆಲದ ಮೇಲಿದೆಯೇ ಕಟ್ಟೆಯ ಮೇಲಿದೆಯೇ, ಹೊಲಕ್ಕೆ ದಾರಿ ಹೇಗಿದೆ. ಇವನ್ನು ಅವರದೇ ಭಾಷೆಯಲ್ಲಿ ಕೇಳಿದರೆ ಮಾತ್ರ ಸರಿಯಾದ ಉತ್ತರ ಸಿಗುತ್ತದೆ.